ಶನಿವಾರದ ಮನೆ

ಕೃಷ್ಣಾಜಿ ಕಾಕಾ ಶನಿವಾರ ಊಟ ಮಾಡುವುದಿಲ್ಲ. ಮದುವೆ ಮನೆಯಿರಲಿ, ಮೊಮ್ಮಗಳ ಹುಟ್ಟುಹಬ್ಬವಿರಲಿ, ಎಲೆಯ ಮುಂದೆ ಕೂರಿಸಿದರೂ ಕೈ ಮುಗಿದು ಎದ್ದುಬಿಡುತ್ತಾರೆ. ಈಚೆಗೊಂದು ವರ್ಷ ದಸರಾ ಹಬ್ಬವೇ ಶನಿವಾರ ಬಂತು. ನಾನು ಬೆಳಗ್ಗೆ ಬೇಗ ಎದ್ದು ಶ್ರೀಖಂಡ ಮಾಡಿ, ಒಂದು ಬಟ್ಟಲು ತುಂಬಿ ಅವರ ಮನೆಗೆ ಒಯ್ದೆ.

"ಫ್ರಿಜ್‌ನಾಗ ಇಡು ನೀರಜಾ, ನಾಳೆ ತಿಂತೀನಿ," ಅಂದರು.

"ಹಬ್ಬದ ದಿನಾನೂ ಉಪವಾಸ ಏನ್ರಿ ಕಾಕಾ?"

"ಶನಿವಾರ ಅಂದ್ರ ಶನಿವಾರ."

ನನಗೆ ಸಿಟ್ಟು ಬಂತು. ನನ್ನ ಸಿಟ್ಟಿಗೆ ಹೆಚ್ಚು ಕಾರಣ ಬೇಕಿಲ್ಲ, ಅದು ನಮ್ಮ ಕಟ್ಟಡಕ್ಕೆಲ್ಲ ಗೊತ್ತು. ಕೋಥರೂಡಿನ ಈ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ, ನಮ್ಮದೂ ಅವರದೂ. ಇಬ್ಬರೂ ಧಾರವಾಡದ ಕಡೆಯವರು. ಖಡಕಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಕಾಕಾ ಮಗ ಓಂಕಾರನ ಜೊತೆ ಇರುತ್ತಾರೆ. ಪ್ರತಿ ದಸರಾಕ್ಕೆ ಅವರನ್ನು ಹಳೇ ಪುಣೆಗೆ ಕರೆದುಕೊಂಡು ಹೋಗುವುದು ಓಂಕಾರನ ಕೆಲಸ. ಆ ವರ್ಷ ಅವನು ಊರಲ್ಲಿರಲಿಲ್ಲ. ಹಾಗಾಗಿ ಶ್ರೀಖಂಡ ಕೊಡಲು ಹೋದವಳ ಕೊರಳಿಗೇ ಆ ಕೆಲಸ ಬಿತ್ತು.

"ಮುಂದಿನ ವರ್ಷ ಹೋಗೋಣಲ್ರಿ," ಅಂದೆ.

"ಮುಂದಿನ ವರ್ಷ ಲಿಮಯೆ ಅವರ ಹಳೇ ವಾಡೆ ಮನಿ ಇರೂದಿಲ್ಲ. ದೀಪಾವಳಿ ಆದಮ್ಯಾಲ ಕೆಡವತಾರಂತ," ಅಂದರು. ಆ ದನಿ ಕೇಳಿ ನಾನು ಸುಮ್ಮನೆ ಸ್ಕೂಟರ್ ಹೊರಗೆ ತಂದೆ.

ಇಷ್ಟು ವರ್ಷ ಪುಣೆಯಲ್ಲಿದ್ದರೂ ಹಳೇ ಪೇಟೆಗಳ ಕಡೆ ನಾನು ಹೋಗುವುದು ಕಡಿಮೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಎಲ್ಲ ಓಣಿಗಳೂ ಏಕಮುಖ, ಅಂಗಡಿಯವರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಕಾಕಾನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಮಂಡಯಿ ಮಾರುಕಟ್ಟೆಯಲ್ಲಿ ಬನ್ನಿಯ ಸೊಪ್ಪು ಕೊಂಡು ಜೋಳಿಗೆಗೆ ತುಂಬಿಕೊಂಡರು. ಕಸಬಾ ಪೇಟೆಯ ಗಣಪತಿ ಗುಡಿಯ ಹತ್ತಿರ ಸ್ಕೂಟರ್ ಬಿಟ್ಟು ನಡೆದೆವು.

ಹದಿನೆಂಟರ ವಯಸ್ಸಿನಲ್ಲಿ ಓದಲು ಬಂದ ಕಾಕಾ ಈ ಓಣಿಗಳಲ್ಲಿ ವಾರಾನ್ನ ಉಂಡವರು. ದಿನಕ್ಕೊಂದು ಮನೆಯಲ್ಲಿ ಬಡ ವಿದ್ಯಾರ್ಥಿಗೆ ಊಟ ಹಾಕುವ ಪದ್ಧತಿ ಆಗ ಇನ್ನೂ ಅಲ್ಲಲ್ಲಿ ಉಳಿದಿತ್ತು. ದಸರಾ ದಿನ ಆ ಮನೆಗಳ ಬಾಗಿಲಿಗೆ ಹೋಗಿ, ಈಗ ಅಲ್ಲಿ ಯಾರಿರುತ್ತಾರೋ ಅವರಿಗೆ ಬನ್ನಿ ಕೊಟ್ಟು ನಮಸ್ಕಾರ ಮಾಡಿ ಬರುವುದು ಅವರ ರೂಢಿ. ಭಾನುವಾರದ ಮನೆ ಈಗ ಮೊಬೈಲ್ ಅಂಗಡಿ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಕಾಕಾ ಬನ್ನಿ ಕೊಟ್ಟು ಕೈ ಮುಗಿದಾಗ, ಅವನು ಚಂದಾ ಕೇಳಲು ಬಂದಿದ್ದಾರೆ ಅಂದುಕೊಂಡ. ಮಂಗಳವಾರದ ಮನೆಯ ಜಾಗದಲ್ಲಿ ಲಿಫ್ಟ್ ಇರುವ ಕಟ್ಟಡ. ಅದರ ಕಾವಲುಗಾರನಿಗೂ ನಮಸ್ಕಾರ ಆಯಿತು.

"ಇಲ್ಲಿ ಅಜ್ಜಿ ಪಲ್ಯಾಕ್ಕ ಉಪ್ಪು ಹಾಕೂದು ಮರೀತಿದ್ರು. ತುಪ್ಪ ಮಾತ್ರ ಎಂದೂ ಮರೀಲಿಲ್ಲ ನೋಡು," ಅಂದರು. ನನಗೆ ನಗು ಬಂತು. ಊರಿನ ಇತಿಹಾಸವನ್ನು ಹೀಗೂ ನೆನಪಿಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

"ಶನಿವಾರದ ಮನೆ ಯಾವುದ್ರಿ?" ಕೇಳಿದೆ.

ಕಾಕಾ ಒಂದು ಕಟ್ಟೆಯ ಮೇಲೆ ಕೂತರು.

"ಶನಿವಾರಕ್ಕ ಮನಿ ಸಿಕ್ಕಿದ್ದಿಲ್ಲ. ಸಿಕ್ಕಿಲ್ಲ ಅನ್ಲಿಕ್ಕೆ ನಾಚಿಕಿ. ಶುಕ್ರವಾರದ ಮನಿ ಲಿಮಯೆ ಅವರದು. ಅಲ್ಲಿ ದೊಡ್ಡವರು, ನಾಳೆ ಎಲ್ಲೆ ಊಟಾ ಅಂತ ಕೇಳಿದ್ರು. ಶನಿವಾರ ನನಗ ಉಪವಾಸ ಅಂದ್ಬಿಟ್ಟೆ. ಬಡಸ್ಲಿಕತ್ತಿದ್ದ ಸೊಸಿ, ಕುಮುದಿನಿ ವಹಿನಿ, ಕೇಳಿಸ್ಕೊಂಡ್ರು. ಮರುದಿನ ಹಿತ್ತಲ ಬಾಗಿಲಿಗೆ ಕರೆದು ಸಾಬೂದಾಣಿ ಖಿಚಡಿ ಕೊಟ್ರು. ಉಪವಾಸದ ಹುಡುಗಗ ಫಲಾಹಾರ ಕೊಟ್ರ ಪುಣ್ಯ ಅಂತ ನಂಬಿದ್ರು ಪಾಪ. ಮೂರು ವರ್ಷ, ಒಂದು ಶನಿವಾರ ತಪ್ಪಲಿಲ್ಲ."

"ಅದಕ್ಕ ಈಗ ಖರೇ ಉಪವಾಸ ಮಾಡ್ತೀರೇನು?"

"ಸುಳ್ಳು ಹೇಳಿ ಉಂಡದ್ದನ್ನ ಖರೇ ಮಾಡಬೇಕಲ್ಲ? ನೌಕರಿ ಸಿಕ್ಕ ಮ್ಯಾಲ ಪೇಢೆ ತಗೊಂಡು ಬಂದೆ. ಅವರ ಯಜಮಾನರಿಗೆ ನಾಗಪುರಕ್ಕ ಬದ್ಲಿ ಆಗಿ, ಮನಿಮಂದಿ ಎಲ್ಲಾ ಅಲ್ಲಿಗೇ ಹೋಗಿದ್ರು. ಅಂದಿನಿಂದ ಬರ್ತೀನಿ, ಬಾಗಿಲಿಗೆ ಕೀಲಿ ಇರ್ತದ, ಹೊಸ್ತಿಲ ಮ್ಯಾಲ ಬನ್ನಿ ಇಟ್ಟು ಹೋಗ್ತೀನಿ. ಒಂದ್ಸಲ ಅವರ ಮುಖಾ ನೋಡಿ, ನಿಮ್ಮಿಂದ ಬದುಕಿದೆ ಅಂತ ಹೇಳಬೇಕಿತ್ತು. ವಾಡೆ ಬಿದ್ದ ಮ್ಯಾಲ ಎಲ್ಲೆ ಹುಡುಕಲಿ?"

ನನ್ನ ಬೆಳಗಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವರ ಕೈ ಹಿಡಿದು ಎಬ್ಬಿಸಿದೆ.

ಲಿಮಯೆ ವಾಡೆಯ ಗೋಡೆಗೆ ಬಿಲ್ಡರನ ಬಣ್ಣದ ಫಲಕ ನೇತಾಡುತ್ತಿತ್ತು. ಆದರೆ ಬಾಗಿಲು ತೆರೆದಿತ್ತು! ಚೌಕಟ್ಟಿಗೆ ಚೆಂಡುಹೂವಿನ ತೋರಣ, ಹೊಸ್ತಿಲಿಗೆ ಅರಿಶಿನ ಕುಂಕುಮ. ಕೆಡವುವ ಮೊದಲು ಮನೆಗೆ ಕಡೆಯ ಪೂಜೆ ಮಾಡಲು ಮನೆಯವರು ಬಂದಿದ್ದರು. ಒಳಗಿನ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿಳಿ ಕೂದಲಿನ, ಸಣ್ಣ ಮೈಕಟ್ಟಿನ ಒಬ್ಬ ಅಜ್ಜಿ ಕೂತಿದ್ದರು. ಕಾಕಾ ಬಾಗಿಲಲ್ಲೇ ನಿಂತುಬಿಟ್ಟರು. ನಾನೇ ಹಿಂದಿನಿಂದ ಮೆಲ್ಲಗೆ ನೂಕಿದೆ.

"ವಹಿನಿ, ನಾನು ಕೃಷ್ಣಾ. ಶುಕ್ರವಾರದ ಹುಡುಗ, ಧಾರವಾಡದವನು," ಮರಾಠಿಯಲ್ಲಿ ಅಂದರು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು, ಬಹಳ ಹೊತ್ತು ನೋಡಿದರು.

"ಶುಕ್ರವಾರ ಎಲ್ಲಿಯದು? ನೀನು ಶನಿವಾರದವನು," ಅಂದರು.

ಕಾಕಾ ಅಲ್ಲೇ ಕುಸಿದು ಅವರ ಕಾಲಿಗೆ ಹಣೆ ಹಚ್ಚಿದರು. ಆಮೇಲೆ ತಡವರಿಸುತ್ತ, ಆಗ ಉಪವಾಸ ಇರಲಿಲ್ಲ, ಮನೆ ಸಿಕ್ಕಿರಲಿಲ್ಲ, ನೀವು ನಂಬಿ ಕೊಟ್ಟದ್ದನ್ನು ಉಂಡು ಬದುಕಿದೆ ಅಂತ ಹೇಳಿದರು. ಅಜ್ಜಿ ನಕ್ಕರು, ಬಾಯಲ್ಲಿ ಹಲ್ಲು ಕಡಿಮೆ, ನಗು ಮಾತ್ರ ಹುಡುಗಿಯದು.

"ನಂಬಿದ್ದೆ ಅಂತ ಯಾರು ಹೇಳಿದರು? ವ್ರತ ಹಿಡಿದವನ ಮುಖ ಹಾಗಿರುತ್ತದೆಯೇ? ಅತ್ತೆಯವರ ಹತ್ತಿರ ಇನ್ನೊಂದು ದಿನ ಆ ಹುಡುಗನಿಗೆ ಊಟ ಹಾಕೋಣ ಅಂದೆ. ಆಗುವುದಿಲ್ಲ ಅಂದರು. ನಾನು ಆಗಷ್ಟೇ ಬಂದ ಸೊಸೆ, ಉಗ್ರಾಣದ ಕೀಲಿ ಅವರ ಸೊಂಟದಲ್ಲಿ. ನನಗೂ ಶನಿವಾರದ ಉಪವಾಸ ಹಿಡಿಯಬೇಕು ಅನಿಸಿದೆ ಅಂದುಬಿಟ್ಟೆ. ಸೊಸೆ ವ್ರತ ಹಿಡಿಯುತ್ತೇನೆ ಅಂದರೆ ಯಾವ ಅತ್ತೆ ಬೇಡ ಅಂದಾಳು? ಸಾಬೂದಾಣಿ ತೆಗೆದು ಕೊಟ್ಟರು, ಒಬ್ಬಳಿಗೆ ಆಗುವಷ್ಟು."

ಕಾಕಾ ತಲೆಯೆತ್ತಿದರು.

"ಹಾಗಾದರೆ ನೀವೇನು ತಿನ್ನುತ್ತಿದ್ದಿರಿ?" ಅಂತ ಕೇಳಿದರು.

"ಚಹಾ ಇತ್ತಲ್ಲ."

ನನ್ನ ಕಣ್ಣು ತುಂಬಿತು. ಮರೆಸಿಕೊಳ್ಳಲು, "ಆ ಉಪವಾಸ ಯಾವಾಗ ಬಿಟ್ಟಿರಿ?" ಅಂತ ಕೇಳಿದೆ.

"ಎಲ್ಲಿ ಬಿಟ್ಟೆ? ಬಿಟ್ಟರೆ ಅತ್ತೆಗೆ ಅನುಮಾನ ಬರುತ್ತಿತ್ತು. ಅತ್ತೆ ಹೋದ ಮೇಲೆ ದೇವರಿಗೆ ಅನುಮಾನ ಬಂದೀತು ಅಂತ ಮುಂದುವರಿಸಿದೆ. ಇವತ್ತೂ ಉಪವಾಸವೇ. ಹಬ್ಬದ ದಿನ ಹೀಗೆ ಮಾಡುತ್ತೀರಿ ಅಂತ ಸೊಸೆ ಬೆಳಗಿನಿಂದ ಸಿಡುಕುತ್ತಿದ್ದಾಳೆ."

ನಾನೂ ಅವರ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗಬೇಕೋ ಅಳಬೇಕೋ ಇಬ್ಬರಿಗೂ ತಿಳಿಯಲಿಲ್ಲ.

"ಸಾಕಿನ್ನು," ಅಂದರು ಅಜ್ಜಿ. "ಇಬ್ಬರ ಸುಳ್ಳೂ ಬಯಲಾಯಿತು. ಈ ಮನೆಯಲ್ಲಿ ಇದೇ ಕಡೆಯ ಊಟ. ಇವನಿಗೆ ಎಲೆ ಹಾಕು."

ಸೊಸೆ ಡಬ್ಬಿಗಳಲ್ಲಿ ತಂದಿದ್ದ ಪೂರಿ, ಶ್ರೀಖಂಡ, ಅನ್ನ, ತೊವ್ವೆ ಬಿಚ್ಚಿದರು. ಎಲೆ ಬಿತ್ತು. ಆದರೆ ಕಾಕಾ ಕೂರಲಿಲ್ಲ. ಅನ್ನದ ಡಬ್ಬಿಯನ್ನೂ ಸೌಟನ್ನೂ ಸೊಸೆಯ ಕೈಯಿಂದ ಇಸಿದುಕೊಂಡರು. ಕುರ್ಚಿಯ ಮುಂದೆ ಸ್ಟೂಲ್ ಎಳೆದು, ಎಲೆಯನ್ನು ಅದರ ಮೇಲಿಟ್ಟು, ಅಷ್ಟು ಹೊತ್ತಿನ ಮರಾಠಿ ಬಿಟ್ಟು ಕನ್ನಡದಲ್ಲೇ ಅಂದರು:

"ಮೊದಲ ನೀವು ಉಣ್ರಿ ವಹಿನಿ. ನೀವು ಉಣ್ಣೂದು ನಾ ನೋಡಬೇಕು."

ಅಜ್ಜಿಗೆ ಕನ್ನಡ ಬಾರದು. ಆದರೂ ಕೈ ತೊಳೆದುಕೊಂಡರು. ಕಾಕಾ ಅನ್ನ ಬಡಿಸಿದರು, ಮೇಲೆ ತೊವ್ವೆ, ಮೇಲೆ ತುಪ್ಪ. ಅಜ್ಜಿ ಒಂದೊಂದು ತುತ್ತು ನುಂಗುವುದನ್ನೂ ನಿಂತುಕೊಂಡೇ ನೋಡಿದರು. ಸಾಕು ಅಂತ ಅಜ್ಜಿ ಎಲೆಗೆ ಕೈ ಅಡ್ಡ ಹಿಡಿದರು. ಕಾಕಾ ಆ ಕೈ ಸರಿಸಿ ಇನ್ನೊಂದು ಸೌಟು ಹಾಕಿದರು.