ಹಾಳೆ ತಿರುವುವ ಜಾಗ

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ‘ಪಿಸುಮಾತು’. ಹೊಲಿಗೆ ಯಂತ್ರಗಳ ಸದ್ದನ್ನೂ ಮೀರಿಸಿ ಜಗಳವಾಡಬಲ್ಲ ಹೆಂಗಸಿಗೆ ಇಂಥ ಅಡ್ಡಹೆಸರು ಹೇಗೆ ಅಂಟಿತೆಂದು ಹೊಸಬರು ಬೆರಗಾಗುತ್ತಿದ್ದರು. ಹಗಲೆಲ್ಲ ಅಂಗಿಗಳಿಗೆ ಕಾಲರು ಕೂರಿಸುವುದು ಅವಳ ಕೆಲಸ. ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ನಡೆಯುವ ನೌಕರರ ನಾಟಕದ ತಾಲೀಮಿನಲ್ಲಿ ಪಕ್ಕದ ಪರದೆಯ ಮರೆಗೆ ಸ್ಟೂಲು ಎಳೆದುಕೊಂಡು ಕುಳಿತು, ಮಾತು ಮರೆತವರಿಗೆ ಮೊದಲ ಪದವನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದಳು.

ಅದಕ್ಕೆ ಅವಳದೇ ಆದ ಕ್ರಮವಿತ್ತು. ನಾಟಕವನ್ನು ಕಚೇರಿಯ ಕಂಪ್ಯೂಟರಿನಲ್ಲಿ ತಾನೇ ಟೈಪು ಮಾಡುತ್ತಿದ್ದಳು. ಒಬ್ಬರ ಮಾತು ಮುಗಿಯದೆ ಪುಟ ಮುಗಿಯುವಂತಿರಲಿಲ್ಲ. ಅರ್ಧ ಪುಟ ಖಾಲಿ ಉಳಿದರೂ ಸರಿಯೇ, ಮುಂದಿನ ದೊಡ್ಡ ಮಾತು ಹೊಸ ಹಾಳೆಯಲ್ಲೇ ಆರಂಭವಾಗಬೇಕು. ಒಬ್ಬ ನಟ ಮಾತು ಮುಗಿಸಿ ಇನ್ನೊಬ್ಬ ಬಾಯಿ ತೆರೆಯುವ ಆ ಸಣ್ಣ ಬಿಡುವಿನಲ್ಲಿ ಅವಳು ಸದ್ದಿಲ್ಲದೆ ಹಾಳೆ ತಿರುವಿಬಿಡುತ್ತಿದ್ದಳು.

ಆ ವರ್ಷದ ನಾಟಕದಲ್ಲಿ ನ್ಯಾಯಾಧೀಶೆಯ ಪಾತ್ರ ಅವಳ ಅಕ್ಕನದು. ಗುಂಡಿ ವಿಭಾಗದಲ್ಲಿದ್ದ ಅಕ್ಕ ತಂಡದ ಹಳೆಯ ನಟಿ. ಈಚೆಗೆ ನೆನಪು ಅಲ್ಲಲ್ಲಿ ಕೈಕೊಡುತ್ತಿತ್ತು. ಸೇರಿನಲ್ಲಿ ಅಕ್ಕಿ ಅಳೆಯುತ್ತ ಎಷ್ಟನೆಯ ಸೇರೆಂದು ಮರೆಯುತ್ತಿದ್ದಳು, ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗುತ್ತಿದ್ದಳು. ರಂಗದ ಮೇಲೆ ಮಾತ್ರ ತಂಗಿಯ ದನಿ ಕಿವಿಗೆ ಬಿದ್ದರೆ ಸಾಕು, ಸಿಂಹಿಣಿಯಾಗುತ್ತಿದ್ದಳು. ಮನೆಯಲ್ಲಿ ದಿನವಿಡೀ ತನ್ನ ಮೇಲೆ ತಾನೇ ಬೇಸರಪಟ್ಟುಕೊಳ್ಳುವ ಅಕ್ಕನಿಗೆ ಅದೊಂದೇ ಜಾಗ ಉಳಿದಿದೆಯೆಂಬುದು ಪಿಸುಮಾತಿಗೆ ಗೊತ್ತಿತ್ತು.

ಆ ಬಾರಿ ಪ್ರತಿಗಳನ್ನು ತೆಗೆಯುವ ಹೊಣೆಯನ್ನು ತಂಡದ ಕಾರ್ಯದರ್ಶಿಯಾದ ಸ್ಟೋರ್ ಕೀಪರ್ ತಾನಾಗಿಯೇ ವಹಿಸಿಕೊಂಡ. ಅವಳು ಟೈಪು ಮಾಡಿದ ಕಡತವನ್ನು ಪಿಡಿಎಫ್ ಮಾಡುವಾಗ ಕಂಪ್ಯೂಟರಿನ ಪರದೆಯ ಮೇಲೆ ಸಿದ್ಧ ವಿನ್ಯಾಸಗಳ ಸಾಲು ಬಂತು: ‘ಸರಳ’, ‘ಸೊಗಸು’, ‘ಅಚ್ಚುಕಟ್ಟು’, ‘ಪುಸ್ತಕ’. ಅವನು ‘ಅಚ್ಚುಕಟ್ಟು’ ಒತ್ತಿದ. ಪಾತ್ರಗಳ ಹೆಸರುಗಳು ನೀಲಿ ಪಟ್ಟಿಯೊಳಗೆ ಕುಳಿತವು, ಅಕ್ಷರ ಸಣ್ಣದಾಯಿತು, ಖಾಲಿ ಜಾಗವೆಲ್ಲ ಮಾಯವಾಗಿ ನಾಟಕ ಅರ್ಧಕ್ಕರ್ಧ ತೆಳ್ಳಗಾಯಿತು. ಕೈಗೆ ಬಂದ ಪ್ರತಿಯನ್ನು ನೋಡಿ ಎಲ್ಲರೂ ಭೇಷ್ ಎಂದರು.

ತಾಲೀಮಿನ ಸಂಜೆ ತೀರ್ಪಿನ ದೀರ್ಘ ಮಾತಿನ ನಡುವೆಯೇ ಪುಟ ಮುಗಿಯಿತು. ಅಕ್ಕ ತಡವರಿಸಿದ್ದೂ ಅಲ್ಲಿಯೇ. ಪಿಸುಮಾತು ಅಂಟಿಕೊಂಡ ಹಾಳೆಗಳನ್ನು ಬಿಡಿಸಿ, ಸಣ್ಣ ಅಕ್ಷರಗಳಲ್ಲಿ ಸಾಲು ಹುಡುಕುವಷ್ಟರಲ್ಲಿ ಅಕ್ಕ ಪರದೆಯತ್ತ ತಿರುಗಿ ನಿಂತುಬಿಟ್ಟಿದ್ದಳು. ಮುಂದಿನ ದೃಶ್ಯದಲ್ಲೂ ಅದೇ ಆಯಿತು. ನಾಟಕದ ನಿರ್ದೇಶಕರಾದ ಕಟಿಂಗ್ ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು.

“ಅಕ್ಕನಿಗೆ ಆಯಾಸ ಆಗ್ತಿದೆ. ಈ ಪಾತ್ರ ಬೇರೆಯವರು ಮಾಡ್ಲಿ. ನಾಟಕದ ದಿನ ಅಕ್ಕನಿಗೊಂದು ಶಾಲು ಹೊದಿಸಿ ಸನ್ಮಾನ ಮಾಡೋಣ.”

“ಶಾಲು ಹೊದಿಸಿ ಮೂಲೇಲಿ ಕೂರಿಸ್ತೀರಾ?” ಪಿಸುಮಾತು ಪರದೆ ಸರಿಸಿ ಹೊರಬಂದಳು. “ತಪ್ಪು ಅವಳದಲ್ಲ, ಈ ಹಾಳೇದು!”

“ಬಿಡೇ,” ಎಂದಳು ಅಕ್ಕ, ನ್ಯಾಯಾಧೀಶೆಯ ಕರಿ ಗೌನು ಕಳಚುತ್ತ. “ನನ್ನ ತಲೇನೇ ನೆಟ್ಟಗಿಲ್ಲ. ಕಾಗದದ ಮೇಲೆ ಯಾಕೆ ಹಾಕ್ತೀಯ?”

ಮರುದಿನ ಊಟದ ಬಿಡುವಿನಲ್ಲಿ ಪಿಸುಮಾತು ನೇರವಾಗಿ ಸ್ಟೋರಿಗೆ ನುಗ್ಗಿದಳು. ನೂಲಿನ ಉಂಡೆಗಳ ಪೆಟ್ಟಿಗೆಗಳ ನಡುವೆ ಸ್ಟೋರ್ ಕೀಪರ್ ಬುತ್ತಿ ಬಿಚ್ಚುತ್ತಿದ್ದ.

“ನಾನು ಟೈಪು ಮಾಡಿದ್ದನ್ನ ಕೆಡಿಸೋಕೆ ನಿನಗೆ ಯಾರಪ್ಪಾ ಹೇಳಿದ್ದು?”

“ಕೆಡಿಸೋದಾ? ಚಂದ ಮಾಡಿದೀನಮ್ಮಾ! ಎಲ್ಲರೂ ಹೊಗಳಿದ್ರು.”

“ಎಲ್ಲರೂ ಮನೇಲಿ ದೀಪದ ಕೆಳಗೆ ಕೂತು ಓದಿದ್ರು. ನಾನು ಪರದೆ ಹಿಂದೆ, ಅಂಗೈಯಗಲ ಬೆಳಕಲ್ಲಿ ಓದ್ಬೇಕು. ಎಲ್ಲಿ, ತೆಗಿ ಅದನ್ನ. ಇದರಲ್ಲಿ ನನ್ನಂಥೋರಿಗೆ ಅಂತ ಯಾವುದಿದೆ?”

ಅವನು ಕೈ ಒರೆಸಿಕೊಂಡು ಸ್ಟೋರಿನ ಕಂಪ್ಯೂಟರಿನಲ್ಲಿ ಆ ಕಡತ ತೆರೆದ. ವಿನ್ಯಾಸಗಳ ಚಿತ್ರಗಳ ಸಾಲು ಮುಗಿದಲ್ಲಿ, ಎಲ್ಲಕ್ಕಿಂತ ಕೆಳಗೆ, ಚಿತ್ರವೂ ಇಲ್ಲದೆ, ಬೂದುಬಣ್ಣದ ಸಣ್ಣ ಸಾಲೊಂದಿತ್ತು: ‘ಮೂಲದಲ್ಲಿರುವಂತೆಯೇ’.

“ಇದೂ ಇತ್ತಾ?” ಅವಳ ದನಿ ಏರಿತು. “ಇದ್ದದ್ದು ಇದ್ದ ಹಾಗೆ ಇರ್ಲಿ ಅನ್ನೋರು ಇಷ್ಟು ಕೆಳಗೆ ಬಗ್ಗಿ ಹುಡುಕ್ಬೇಕಾ? ನನ್ನಕ್ಕನ್ನ ರಂಗದಿಂದ ಇಳಿಸೋಕೆ ನಿನ್ನ ಒಂದು ಒತ್ತು ಸಾಕಾಯ್ತಲ್ಲೋ, ಮಹಾನುಭಾವ!”

ಸ್ಟೋರ್ ಕೀಪರ್ ಅದನ್ನೇ ಒತ್ತಿದ. ಮುದ್ರಣ ಯಂತ್ರ ದಪ್ಪ ಕಟ್ಟನ್ನು ಹೊರಹಾಕಿತು. ಅವಳು ಒಂದೊಂದು ಪುಟದ ತುದಿಯನ್ನೂ ನೋಡಿದ ಮೇಲೆಯೇ ಅಲ್ಲಿಂದ ಕದಲಿದಳು.

ಇನ್ನೊಂದೇ ಒಂದು ತಾಲೀಮಿಗೆ ಮಾಸ್ಟರನ್ನು ಒಪ್ಪಿಸಿದಳು. ಬರುವುದೇ ಇಲ್ಲವೆಂದು ಹಟ ಹಿಡಿದ ಅಕ್ಕನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ತೀರ್ಪಿನ ಮಾತು ಆರಂಭವಾಯಿತು. ಹಿಂದೆ ಎಡವಿದ್ದ ಜಾಗದಲ್ಲಿ ದನಿ ಕೊಂಚ ನಡುಗಿತು. ಪಿಸುಮಾತು ಒಂದು ಪದ ಎತ್ತಿಕೊಟ್ಟಳು, ಅಕ್ಕ ಅದನ್ನು ಹಿಡಿದು ದಾಟಿಹೋದಳು. ಕ್ಯಾಂಟೀನಿನ ಬೆಂಚುಗಳ ಮೇಲಿದ್ದವರು ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು. ಆಮೇಲೆ, ಆರೋಪಿಯತ್ತ ಬೆರಳು ತೋರಿದ ಅಕ್ಕ ಹಾಗೆಯೇ ನಿಂತಳು. ಪುಟದ ನಟ್ಟನಡುವೆ. ಯಾವ ಹಾಳೆಯನ್ನೂ ತಿರುವಬೇಕಿರಲಿಲ್ಲ.

ಪಿಸುಮಾತು ಪದ ಎತ್ತುವ ಮೊದಲೇ ಮಾಸ್ಟರ್ ಎದ್ದರು. “ನೋಡಮ್ಮಾ, ಈಗ ಕಾಗದ ಸರಿಯಾಗೇ ಇದೆ. ಆದ್ರೂ ಮರೆತ್ರು.”

“ಹೌದು, ಮರೆತಳು!” ಪರದೆಯ ಹಿಂದಿನಿಂದಲೇ ಅವಳು ಕೂಗಿದಳು. “ಮರೆಯೋರಿಗೋಸ್ಕರ ತಾನೇ ನನ್ನ ಇಲ್ಲಿ ಕೂರಿಸಿರೋದು? ಯಾರೂ ಮರೆಯಲ್ಲ ಅಂದ್ರೆ ನಾನೇನು ಪರದೆಗೆ ಗಾಳಿ ಹಾಕೋಕೆ ಬರ್ತೀನಾ? ಆ ಆರೋಪಿ ದಿನಾ ಮರೀತಾನೆ, ಅವನಿಗೂ ಶಾಲು ಹೊದಿಸ್ತೀರಾ?”

ಆರೋಪಿಯ ಪಾತ್ರದವನು ತಲೆ ತಗ್ಗಿಸಿ ನಕ್ಕ. ಬೆಂಚುಗಳಲ್ಲೂ ನಗು ಹರಡಿತು. ಅಕ್ಕ ಮಾತ್ರ ಚಾಚಿದ ಬೆರಳನ್ನು ಇಳಿಸಿರಲಿಲ್ಲ.

“ಏ, ಜಗಳ ಆಮೇಲೆ ಆಡೇ,” ಎಂದಳು, ಪರದೆಯತ್ತ ಕತ್ತು ಹೊರಳಿಸಿ, ಎಲ್ಲರಿಗೂ ಕೇಳುವಂತೆ. “ಕೈ ನೋಯ್ತಿದೆ. ಮುಂದಿನ ಪದ ಕೊಡು.”

ಮಾಸ್ಟರ್ ಕುಳಿತರು. ಪಿಸುಮಾತು ಪದ ಕೊಟ್ಟಳು.