ಸಲಾಮಿಗೆ ನಿಲ್ಲುತ್ತಿದ್ದ ಸಕ್ಕರಿ

ಆಲಮೇಲದ ಮುರ್ತುಜಾಸಾಬ ಕುದುರೆಯೇರಿ ಸಿಂದಗಿಗೆ ಹೊರಟನೆಂದರೆ, ಎರಡು ತಾಸಿನ ದಾರಿಗೆ ಅವನಿಗೆ ಅರ್ಧ ದಿನ ಬೇಕಾಗುತ್ತಿತ್ತು. ಕುದುರೆಯದೇನೂ ತಪ್ಪಿಲ್ಲ ಬಿಡ್ರಿ. ತಪ್ಪೆಲ್ಲ ಮೇಲೆ ಕುಂತವನದು. ದಾರಿಯಲ್ಲಿ ಯಾರೇ ಸಲಾಮು ಮಾಡಲಿ, ಶರಣು ಅನ್ನಲಿ, ಅವನು ಲಗಾಮು ಎಳೆದು ನಿಲ್ಲಬೇಕು, ಕೈ ಎತ್ತಬೇಕು, "ಆರಾಮ ಅದೀರಿ? ಜೋಳ ಹ್ಯಾಂಗ ಬಂದಾವ? ಮಗಳು ಹಡದ್ಳೇನ್ರಿ?" ಅಂತ ಮೂರು ಮಾತಾದರೂ ಕೇಳಬೇಕು. ಕೇಳದೆ ಬಂದರೆ ಅವತ್ತು ಅವನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅವನು ಚಾಬೂಕಸ್ವಾರ. ಅಂದರೆ ಗೌಡರ, ದೇಸಾಯರ ಮನೆಯ ಕುದುರೆಗಳನ್ನು ಪಳಗಿಸಿ ನಡಿಗೆ ಕಲಿಸುವವನು. ಅಪ್ಪನೂ ಅದೇ, ಅಜ್ಜನೂ ಅದೇ. ಕಲಿಸುವ ನಡಿಗೆಗೆ ರವಾಲ ಅನ್ನುತ್ತಾರೆ. ಬಲಮಗ್ಗುಲಿನ ಮುಂಗಾಲು ಹಿಂಗಾಲು ಒಟ್ಟಿಗೇ ಏಳಬೇಕು, ಅವು ಊರುವಷ್ಟರಲ್ಲಿ ಎಡಮಗ್ಗುಲಿನವು ಏಳಬೇಕು. ಹಾಗೆ ನಡೆಯುವ ಕುದುರೆ ಓಡಿದಷ್ಟೇ ಬೇಗ ಹೋಗುತ್ತದೆ, ಆದರೆ ಮೇಲೆ ಕುಂತವನು ಜೀನಿನಿಂದ ಒಂದು ಬೆರಳೂ ಮೇಲೇಳುವುದಿಲ್ಲ. ಕಲಿಸುವುದೇನು ಹುಡುಗಾಟವೇ? ಮುಂಗಾಲಿಗೂ ಅದೇ ಮಗ್ಗುಲಿನ ಹಿಂಗಾಲಿಗೂ ಅರಿವೆ ಸುತ್ತಿದ ಹಗ್ಗ ಕಟ್ಟಿ, ನೇಗಿಲು ಹೊಡೆದ ಎರೆಹೊಲದಲ್ಲಿ ತಿಂಗಳುಗಟ್ಟಲೆ ನಡೆಸಬೇಕು. ಆಮೇಲೆ ಹಗ್ಗ ಬಿಚ್ಚಿ ರಸ್ತೆಗೆ ತರಬೇಕು. ಕಡೆಗೆ ಹಾಲಿನ ಪರೀಕ್ಷೆ. ಸವಾರನ ಎಡಗೈಯಲ್ಲಿ ಲಗಾಮು, ಬಲ ಅಂಗೈಯ ಮೇಲೆ ತುಂಬಿದ ಹಾಲಿನ ಬಟ್ಟಲು. ಕುದುರೆ ಭರದಿಂದ ನಡೆಯಬೇಕು, ಹಾಲು ಒಂದು ಹನಿಯೂ ಚೆಲ್ಲಬಾರದು.

ಮುರ್ತುಜಾಸಾಬನ ಸೊಂಟದಲ್ಲಿ ಚಾಬೂಕು ಇರುತ್ತಿತ್ತು, ಖರೆ. ಅದರಿಂದ ಅವನು ಹುಣಸೇಕಾಯಿ ಉದುರಿಸುತ್ತಿದ್ದ, ಅಷ್ಟೆ. ಮನೆಯಲ್ಲಿ ಜೀನಿತ್ತು, ಲಗಾಮಿತ್ತು, ಮೈ ಉಜ್ಜುವ ಖರಾರವಿತ್ತು. ಸ್ವಂತದ ಕುದುರೆ ಮಾತ್ರ ಇರಲಿಲ್ಲ. ನಲವತ್ತು ವರ್ಷ ಮಂದಿಯ ಕುದುರೆಗಳಿಗೆ ನಡಿಗೆ ಕಲಿಸಿ, ಕಲಿತ ಮೇಲೆ ಮಂದಿಯ ಬಾಗಿಲಿಗೆ ಒಯ್ದು ಕಟ್ಟಿ, ತಾನು ನಡೆದುಕೊಂಡು ಮನೆಗೆ ಬರುತ್ತಿದ್ದ. "ಮಗಳನ್ನ ಗಂಡನ ಮನಿಗಿ ಬಿಟ್ಟು ಬಂದಂಗ ಬರ್ತೀರಲ್ರಿ," ಅಂತ ಹೆಂಡತಿ ಬಾನುಬಿ ಚೇಷ್ಟೆ ಮಾಡುತ್ತಿದ್ದಳು. ಮಾಡಿದರೂ ಅವತ್ತು ಮಾತ್ರ ಅವನಿಗೊಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು.

ಹಂಗಿದ್ದಾಗ ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಊರ ಗುರಪ್ಪಗೌಡರು ಜೀಪು ತಂದರು. ಸುತ್ತಲಿನ ಗೌಡರೆಲ್ಲ ಒಬ್ಬೊಬ್ಬರಾಗಿ ಜೀಪು, ಮೋಟಾರು ಅಂತ ಹತ್ತಿ ಕುಂತಿದ್ದರು. ಮುರ್ತುಜಾಸಾಬನ ಕೈಯಲ್ಲಿ ಆಗ ಉಳಿದಿದ್ದು ಒಂದೇ ಕುದುರೆ, ಗುರಪ್ಪಗೌಡರ ಸಕ್ಕರಿ. ಬೆಲ್ಲದ ಬಣ್ಣದ ಹೆಣ್ಣುಕುದುರೆ. ಮರಿಯಿದ್ದಾಗಿನಿಂದ ಅವನ ಅಂಗಳದಲ್ಲೇ ಬೆಳೆದು, ರವಾಲದಲ್ಲಿ ನೀರು ಹರಿದಂತೆ ನಡೆಯುತ್ತಿತ್ತು. ಗೌಡರು ಅವನನ್ನು ಕರೆಸಿ ನೇರ ಹೇಳಿದರು:

"ಮುರ್ತುಜಾ, ಬರೂ ತಿಂಗಳ ಸಿಂದಗ್ಯಾಗ ದನಾ-ಕುದರಿ ಪ್ರದರ್ಶನ ಐತಿ. ನಿನ್ನ ಸಕ್ಕರಿ ಅಲ್ಲಿ ಬೆಳ್ಳಿ ಕಪ್ಪು ಗೆದ್ರ ನಮ್ಮ ಮನಿ ಮರ್ಯಾದಿ ಅಂತ ಇಟ್ಕೋತೇನಿ. ಗೆಲ್ಲಲಿಲ್ಲ ಅಂದ್ರ ಇಂಡಿ ಬಾಬುಲಾಲಗ ಟಾಂಗಾಕ್ಕ ಕೊಡ್ತೇನಿ. ನಿಂತ ಕುದರಿಗಿ ಹುಳ್ಳಿ ಹಾಕಿ ನಾ ಏನ್ ಮಾಡ್ಲಿ?"

"ಗೆಲ್ತದರಿ ಗೌಡ್ರ," ಅಂದ ಮುರ್ತುಜಾಸಾಬ. ಅವನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಅಂಥ ಕುದುರೆಯ ಹೆಗಲ ಮೇಲೆ ಟಾಂಗಾದ ನೊಗ ಬೀಳುವುದುಂಟೇ?

ಅನುಮಾನ ತಂದವಳು ಬಾನುಬಿ. ಒಂದಿನ ಅವಳು ಸಕ್ಕರಿಗೆ ನೀರು ಕುಡಿಸಲಿಕ್ಕೆ ಬಾವಿಗೆ ಹೊಡಕೊಂಡು ಹೋಗುವಾಗ, ಕಲಾಯಿ ಹಾಕುವ ನಿಜಾಮುದ್ದೀನ ಎದುರಿಗೆ ಬಂದು "ಸಲಾಂ ಭಾಬಿ" ಅಂದ. ಸಕ್ಕರಿ ಗಕ್ಕನೆ ನಿಂತಿತು. ಎಳೆದರೂ ಇಲ್ಲ, ದಬ್ಬಿದರೂ ಇಲ್ಲ. ಬಾನುಬಿ ಕೈ ಎತ್ತಿ "ಸಲಾಂ, ಆರಾಮದೀ?" ಅಂದ ಮೇಲೆಯೇ ಹೆಜ್ಜೆ ಕಿತ್ತಿತು. ಮುಂದೆ ಯಾರೋ ಬಾಯಿಬಿಡದೆ ಬರೀ ಕೈ ಎತ್ತಿದರು, ಅದಕ್ಕೂ ನಿಂತಿತು. ಬಾನುಬಿ ಮನೆಗೆ ಬಂದವಳೇ ಕೊಡ ಕೆಳಗಿಟ್ಟು ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಮುಖ ಸಣ್ಣದಾಯಿತು.

"ರೀ, ನೀವ್ ಇದಕ್ಕ ರವಾಲ ಅಷ್ಟ ಕಲಿಸಿಲ್ರಿ, ನಿಮ್ಮ ಚಾಳೀನೂ ಕಲಿಸೀರಿ. ಸಿಂದಗ್ಯಾಗ ನಿಮಗ ಸಲಾಂ ಮಾಡದಾವ್ರು ಯಾರದಾರ? ಅಷ್ಟೂ ಮಂದೀಗಿ ನಿಂತ್ರ ಕಪ್ಪು ಬಂದಂಗ ಆತು!"

ಮುರ್ತುಜಾಸಾಬನಿಗೂ ಅದು ಖರೆ ಅನಿಸಿತು. ಆದರೆ ಚಾಬೂಕಸ್ವಾರ ಅವನು, ಚಾಳಿ ಬಿಡಿಸುವ ದಾರಿ ಅವನಿಗೆ ಗೊತ್ತಿತ್ತು. ಹದಿನೈದು ದಿನ ಯಾರ ಸಲಾಮಿಗೂ ಕೈ ಎತ್ತಬಾರದು, ಬಾಯಿ ಬಿಡಬಾರದು, ಹಿಮ್ಮಡಿ ಒತ್ತಿ ಮುಂದೆ ಹೋಗುತ್ತಲೇ ಇರಬೇಕು. ಅಷ್ಟೇ.

ಮರುದಿನ ಮುಂಜಾನೆ ತುಟಿ ಬಿಗಿದು ಹೊರಟ. ಮೊದಲು ಎದುರಾದವರು ಪರವೂರಿನ ಗಾಡಿಯವರು. ಹೇಗೋ ಹಲ್ಲು ಕಚ್ಚಿ ದಾಟಿದ. ಕಬ್ಬಿನ ಗದ್ದೆಯ ತಿರುವಿನಲ್ಲಿ ಸಿದ್ದವ್ವ ಬಂದಳು, ತಲೆಯ ಮೇಲೆ ಮೇವಿನ ಹೊರೆ. ಈ ಸಿದ್ದವ್ವ ಊರ ಸೂಲಗಿತ್ತಿ. ಮುರ್ತುಜಾಸಾಬನ ನಾಲ್ಕೂ ಮಕ್ಕಳ ಹೊಕ್ಕುಳ ಕೊಯ್ದವಳು. ಒಂದು ಕೈಯಲ್ಲಿ ಹೊರೆ ಹಿಡಿದು, ಇನ್ನೊಂದು ಕೈ ಎತ್ತಿ "ಶರಣಪಾ ತಮ್ಮಾ" ಅಂದಳು. ಮುರ್ತುಜಾಸಾಬ ಮುಖ ತಿರುಗಿಸಿ ಹಿಮ್ಮಡಿ ಒತ್ತಿದ. ಸಕ್ಕರಿ ಕಿವಿ ಹಿಂದಕ್ಕೆ ಮಾಡಿ, ನಿಲ್ಲಲೋ ಬೇಡವೋ ಅನ್ನುತ್ತ ಮುಂದೆ ನಡೆಯಿತು.

ಬೆನ್ನ ಹಿಂದೆ ಸಿದ್ದವ್ವನ ದನಿ ಬಂತು. "ನಾ ಏನ್ ತಪ್ಪ ಮಾಡೇನೋ, ತಮ್ಮಾ?"

ಹತ್ತು ಮಾರು ಹೋಗಿರಬೇಕು. ಅಷ್ಟೆ, ಮುರ್ತುಜಾಸಾಬ ಕುದುರೆ ತಿರುಗಿಸಿದ. ಇಳಿದು, ಅವಳ ಹೊರೆ ಇಸಕೊಂಡು ಸಕ್ಕರಿಯ ಬೆನ್ನ ಮೇಲೆ ಇಟ್ಟು, ಅವಳ ಮನೆಯ ತನಕ ಕೂಡಿ ನಡೆದ. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಕೈ ಎತ್ತಿದ. ಚಾಳಿ ಬಿಡಿಸುವ ಕೆಲಸ ಅಲ್ಲಿಗೆ ಮುಗಿಯಿತು.

"ಒಂದ್ ಕುದರಿ ಸಲುವಾಗಿ ಊರ ಮಂದೀಗಿ ಮಾರಿ ತಿರುವಾಕ ನನ್ನ ಕೈಲೆ ಆಗೂದಿಲ್ಲ," ಅಂದ ಮನೆಗೆ ಬಂದು.

"ಕುದರಿ ಹ್ವಾದ ಮ್ಯಾಲ ಅಳಬ್ಯಾಡ್ರಿ ಮತ್ತ."

"ಅಳ್ತೇನಿ. ಅಳಾಕೇನ್ ನಾಚಿಕಿ?"

ಪ್ರದರ್ಶನದ ದಿನ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುದ್ದೇಬಿಹಾಳದ ಕರಿ ಕುದುರೆ, ಬಾಗೇವಾಡಿಯ ಬಿಳಿ ಕುದುರೆ, ಇಂಡಿ ಕಡೆಯವು ನಾಲ್ಕು. ಪಂಚನಾಗಿ ಕುಂತವರು ಫೌಜಿನಲ್ಲಿ ಕುದುರೆ ಕಂಡ ಮುದುಕ ದಫೇದಾರರು. ಹಾಲು ತುಂಬಿದ ಬಟ್ಟಲು ಹಿಡಿದು ಮೂರು ಸುತ್ತು ಬರಬೇಕು, ದಫೇದಾರರ ಗಡಿಯಾರ ಹೇಳಿದ ಹೊತ್ತಿನೊಳಗೆ. ಸಕ್ಕರಿ ಎರಡು ಸುತ್ತು ಹೊಡೆದಾಗ ಮಂದಿ ಬಾಯಿ ತೆರೆದುಕೊಂಡು ನೋಡಿದರು. ಹಾಲಿನ ಕೆನೆ ಕೂಡ ಕದಲಿರಲಿಲ್ಲ. ಕಪ್ಪು ಬಂತು ಅಂತ ಗುರಪ್ಪಗೌಡರು ಜೀಪಿನ ಮೇಲೆಯೇ ಎದ್ದು ನಿಂತರು.

ಮೂರನೆಯ ಸುತ್ತಿನಲ್ಲಿ ಆಲಮೇಲದವರ ಗಾಡಿಗಳು ಸಾಲಾಗಿ ನಿಂತ ಕಡೆಗೆ ಬಂದಾಗ, ಹುರುಪು ತಡೆಯಲಾರದೆ ನಿಜಾಮುದ್ದೀನ ಒದರಿಬಿಟ್ಟ. "ಸಲಾಂ ಮುರ್ತುಜಾ ಭಾಯಿ!"

ಸಕ್ಕರಿ ನಿಂತಿತು.

ಮುರ್ತುಜಾಸಾಬನ ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಹಾಲು. ಯಾವ ಕೈ ಎತ್ತಬೇಕು ಹೇಳ್ರಿ? ತಲೆ ಬಗ್ಗಿಸಿ "ಸಲಾಂ, ಆರಾಮದೀ?" ಅಂದ. ಸಕ್ಕರಿ ಹೊರಟಿತು. ಅಷ್ಟರಲ್ಲಿ ಆಚೆ ಗಾಡಿಯವರು "ಶರಣ್ರೀ" ಅಂದರು. ಮತ್ತೆ ನಿಂತಿತು. ಮಂದಿಗೆ ಗುಟ್ಟು ತಿಳಿದದ್ದೇ ತಡ, ನಾಲ್ಕೂ ದಿಕ್ಕಿನಿಂದ ಸಲಾಮು, ಶರಣು, ನಮಸ್ಕಾರ! ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಅವರಿಗೇನು ಗೊತ್ತು, ಆ ಒಂದೊಂದು ಸಲಾಮೂ ಸಕ್ಕರಿಯನ್ನು ಟಾಂಗಾದ ಕಡೆಗೆ ದಬ್ಬುತ್ತಿತ್ತೆಂದು? ಮುರ್ತುಜಾಸಾಬ ಒಬ್ಬರನ್ನೂ ಬಿಡದೆ ಉತ್ತರ ಕೊಟ್ಟ.

"ನಡಗಿ ಪೂರಾ ಐತಿ, ಹಾಲು ಪೂರಾ ಐತಿ, ಸುತ್ತು ಪೂರಾ ಆಗ್ಲಿಲ್ಲ," ಅಂದರು ದಫೇದಾರರು ಗಡಿಯಾರ ನೋಡಿ. ಕಪ್ಪು ಮುದ್ದೇಬಿಹಾಳಕ್ಕೆ ಹೋಯಿತು.

ಗೌಡರು ಆಡಿದ ಮಾತು ತಪ್ಪುವವರಲ್ಲ. ಮೂರನೆಯ ದಿನ ಬಾಬುಲಾಲ ಬಂದ. ಮುರ್ತುಜಾಸಾಬ ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿದ, "ನೋಡಪಾ, ಇದು ಸಲಾಂಗೆ ನಿಲ್ತದ." ಬಾಬುಲಾಲ ನಕ್ಕ. "ಎರಡ ದಿನಕ್ಕ ಬಿಡಸ್ತೇನಿ ಚಾಚಾ." ಸಕ್ಕರಿ ಊರ ಅಗಸಿಬಾಗಿಲು ದಾಟಿದ ಮೇಲೆ ಮುರ್ತುಜಾಸಾಬ ಅಂಗಳದ ಗೂಟದ ಹತ್ತಿರ ಕುಂತು, ಹೇಳಿದಂತೆಯೇ ಅತ್ತ. ಬಾನುಬಿ ಪಕ್ಕದಲ್ಲಿ ಬಂದು ಕುಂತಳು. ಚೇಷ್ಟೆ ಮಾಡಲಿಲ್ಲ.

ಹನ್ನೊಂದನೆಯ ದಿನ ಗೌಡರ ಕಟ್ಟೆಯ ಮುಂದೆ ಗದ್ದಲ. ಬಾಬುಲಾಲ ಸಕ್ಕರಿಯ ಹಗ್ಗ ಹಿಡಿದು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಮೂರ ಸಲ ರೈಲು ತಪ್ಪಿಸೇತ್ರಿ ಗೌಡ್ರ! ಇಂಡಿ ಪ್ಯಾಟ್ಯಾಗ ಹೆಜ್ಜಿಗೊಂದು ಸಲಾಂ. ಇಳದು ಮಾತಾಡಸೂ ತನಕಾ ಕಾಲು ಕೀಳಾಕ ಒಲ್ಲದು. ನನ್ನ ಷಡ್ಡಕನ ಕೂಡ ಆರು ವರ್ಷದಿಂದ ಮಾತ ಬಿಟ್ಟಿದ್ನಿ. ಅಂವಾ ನನ್ನ ಟಾಂಗಾದಾಗ ಕುಂತ ವಕೀಲರಿಗೆ ಸಲಾಂ ಹೊಡದ. ಇದು ನಿಂತ ಬಿಡ್ತು! ವಕೀಲರು ಆರಾಮದೀ ಅಂದ್ರು, ಕೇಳಲಿಲ್ಲ. ಕಡೀಕ ನಾನ ಇಳದು ಆ ಮಗನ್ನ ಆರಾಮದೀಯಪಾ ಅಂತ ಕೇಳಬೇಕಾತು. ನಿನ್ನಿ ಅವನ ಮನ್ಯಾಗ ಊಟ ಮಾಡಿ ಬಂದೇನಿ. ನನಗ ಈ ಕುದರಿ ಬ್ಯಾಡ್ರಿ!"

ಗುರಪ್ಪಗೌಡರು ಮೊದಲು ಮೀಸೆಯೊಳಗೆ ನಕ್ಕರು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮುರ್ತುಜಾಸಾಬನನ್ನು ಕರೆಸಿದರು.

"ಜೀಪಿದ್ದಾವಗ ಬ್ಯಾಡ, ಟಾಂಗಾದಾವಗ ಬ್ಯಾಡ. ನಿನ್ನ ಚಾಳಿ ಹಿಡದ ಕುದರಿ ನಿನಗ ಇರಲಿ. ಹಿಡಕೊಂಡು ಹೋಗೋ, ಮುರ್ತುಜಾ."

ಮುರ್ತುಜಾಸಾಬ ಹಗ್ಗ ಹಿಡಿದು, ಯಾರಿಗೂ ಏನೂ ಹೇಳದೆ ಸುಮ್ಮನೆ ನಡೆದುಬಿಟ್ಟ. ಸಲಾಮು ಮರೆತು ಹೋದದ್ದು ಅವನ ಜನ್ಮದಲ್ಲೇ ಇರಲಿಲ್ಲ. ಹಿಂದಿನಿಂದ ಗೌಡರು "ಶರಣಪಾ, ಹೋಗಿ ಬಾ" ಅಂದರು. ಸಕ್ಕರಿ ನಿಂತಿತು. ಆಗ ಅವನು ತಿರುಗಿ, ಎರಡೂ ಕೈ ಎತ್ತಿ ಸಲಾಮು ಮಾಡಿದ. ಐವತ್ತೈದು ವರ್ಷದ ಮನುಷ್ಯ, ಮೊದಲ ಸಲ ತನ್ನ ಕುದುರೆಯ ಮೇಲೆ ಕುಂತು ಮನೆಗೆ ಬಂದ. ಬಾನುಬಿ ಬಾಗಿಲಲ್ಲಿ ನಿಂತು "ಸಲಾಂ, ಸಾವಕಾರ್ರ" ಅಂದಳು. ಅದಕ್ಕೂ ಸಕ್ಕರಿ ನಿಂತಿತು ಅನ್ನಿ.

ಏಳೆಂಟು ವರ್ಷದಲ್ಲಿ ಮುರ್ತುಜಾಸಾಬನ ಕಣ್ಣಿಗೆ ಪೊರೆ ಬಂತು. ದಾರಿ ಮಬ್ಬು, ಮುಖಗಳು ಇನ್ನೂ ಮಬ್ಬು. ಆದರೂ ದಿನಾ ಮುಂಜಾನೆ ಸಕ್ಕರಿಯ ಮೇಲೆ ಕುಂತು ಒಂದು ಸುತ್ತು ಹೋಗಿ ಬರುತ್ತಿದ್ದ. ಸಕ್ಕರಿ ನಿಂತರೆ ಯಾರೋ ಇದ್ದಾರೆ ಅಂತ ಕೈ ಎತ್ತುವುದು, ದನಿ ಕೇಳಿ ಹೆಸರು ಹಿಡಿಯುವುದು. ಊರಲ್ಲಿ ಒಬ್ಬರ ಸಲಾಮೂ ಬಾಕಿ ಉಳಿಯಲಿಲ್ಲ.

ಒಂದು ಮುಂಜಾನೆ ಕಬ್ಬಿನ ಗದ್ದೆಯ ತಿರುವಿನಲ್ಲಿ ಸಕ್ಕರಿ ನಿಂತಿತು. ಮುರ್ತುಜಾಸಾಬ ಕಿವಿಗೊಟ್ಟ. ಯಾವ ದನಿಯೂ ಇಲ್ಲ, ಬರೀ ಕೈ ಎತ್ತಿದವರು ಯಾರೋ. ಬಾಯಿಗೆ ಲಕ್ವ ಹೊಡೆದು ಆ ವರ್ಷ ಮಾತು ಹೋದವಳು ಊರಿಗೆಲ್ಲ ಒಬ್ಬಳೇ. ಅವನು ತಡವರಿಸುತ್ತ ಜೀನಿನಿಂದ ಕೆಳಗಿಳಿದ.

"ಸಿದ್ದವ್ವಕ್ಕಾ," ಅಂದ, "ಹೊರಿ ಕೊಡು ಇಲ್ಲೆ. ಮನೀತನಕಾ ಬರ್ತೇನಿ."