ಹನುಮಂತನಿಗೆ ತೋರಿಸದ ಬೆನ್ನು

ನಮ್ಮ ಅಣ್ಣನ ಬಲಗೈ ಸರಿಹೋದದ್ದು ಗರಡಿಯ ಮಣ್ಣಿನ ಮಹಿಮೆಯಿಂದ ಎಂದು ಮಧುಗಿರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೊರಟಗೆರೆಯ ಸೋದರಮಾವನ ಮನೆ ಸೇರುವಷ್ಟರಲ್ಲಿ ಆ ಕಥೆ ಬೆಳೆದು, ಹನುಮಂತ ಕನಸಿನಲ್ಲಿ ಬಂದು ಬೆನ್ನು ಸವರಿದ ಎಂದಾಗಿದೆ. ಪಾವಗಡದ ಕಡೆಯವರು ತೆಲುಗು ಬೆರೆಸಿ ಹೇಳುವಾಗ ಅದಕ್ಕೆ ಇನ್ನೊಂದು ಗೇಣು ಬಾಲ. ನನ್ನದು ಒಂದೇ ಪ್ರಶ್ನೆ. ಮಣ್ಣಿಗೆ ಅಷ್ಟು ಶಕ್ತಿ ಇದ್ದಿದ್ದರೆ, ಮೊದಲ ಎರಡು ತಿಂಗಳು ಅದೇ ಮಣ್ಣನ್ನು ಅದೇ ಬೆನ್ನಿಗೆ ಬಳಿದಾಗ ಅದು ಏನು ಮಾಡುತ್ತಿತ್ತು?

ಮಣ್ಣಿನ ಪಾತ್ರವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಮಣ್ಣು ಸಾಕ್ಷಿ ಹೇಳಿತು. ಸಾಕ್ಷಿಯನ್ನೇ ವೈದ್ಯನೆಂದು ಕರೆದರೆ ನಾನು ಒಪ್ಪಲಾರೆ, ಅಷ್ಟೆ.

ಶಿವರಾತ್ರಿಯ ಸುಮಾರಿಗೆ ತೋವಿನಕೆರೆಯಲ್ಲಿ ಹುಣಸೆಹಣ್ಣಿನ ಮೂಟೆಗಳನ್ನು ಗಾಡಿಗೆ ಏರಿಸುತ್ತಿದ್ದಾಗ ಒಂದು ಮೂಟೆ ಜಾರಿ ಅಣ್ಣನ ಬಲ ಹೆಗಲನ್ನು ಕೆಳಕ್ಕೆ ಜಗ್ಗಿತು. ಮೂಳೆ ಮುರಿಯಲಿಲ್ಲ, ಚರ್ಮ ತರಚಲಿಲ್ಲ. ಹತ್ತು ದಿನಕ್ಕೆ ನೋವೂ ಹೋಯಿತು. ಆದರೆ ಕೈ ಹೆಗಲಿನ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು, ಅಲ್ಲಿಂದ ಮೇಲಕ್ಕೆ ಏಳದು. ಶ್ರಾವಣದ ಕೊನೆಗೆ ಶಿರಾದಲ್ಲಿ ಅವನಿಗೆ ಕುಸ್ತಿಯ ಜೋಡಿ ನಿಗದಿಯಾಗಿತ್ತು. ಮೂರು ವರ್ಷ ಕಾದು ಸಿಕ್ಕ ಜೋಡಿ. ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಅಷ್ಟರೊಳಗೆ ಕೈ ಎದ್ದರೆ ಸರಿ, ಇಲ್ಲದಿದ್ದರೆ ಶಿರಾಕ್ಕೆ ಬೇರೆಯವನು. ಅಂದಿನಿಂದ ಅಣ್ಣ ಮನೆಯಲ್ಲಿ ಮಾತು ಬಿಟ್ಟ.

ನಾನು ಆಗ ತುಮಕೂರಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಓದಿದ್ದಕ್ಕಿಂತ ಚರ್ಚಾಕೂಟದಲ್ಲಿ ವಾದಿಸಿದ್ದೇ ಹೆಚ್ಚು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ ತೋರಿಸಿ, ಆಮೇಲೆ ಮುರಿ ಎಂದು ಅಲ್ಲಿ ಕಲಿಸಿದ್ದರು. ಬೇಸಿಗೆ ರಜೆಗೆ ಊರಿಗೆ ಬಂದವನು ಅಣ್ಣನ ಹಿಂದೆ ಗರಡಿಗೆ ಹೋಗತೊಡಗಿದೆ. ಸಾಮು ಮಾಡದವನ ಜಾಗ ಹಿಂದಿನ ಬಾಗಿಲ ಬಳಿ. ಅಲ್ಲಿ ಕೂತದ್ದೇ ನನ್ನ ಪುಣ್ಯ. ಪುಣ್ಯ ಎಂಬ ಮಾತನ್ನು ರೂಢಿಗೆ ಬಳಸಿದೆ, ನಂಬಿಕೆಯಿಂದಲ್ಲ.

ಗರಡಿಯ ಕಟ್ಟಳೆ ಹೀಗಿತ್ತು. ಪೂರ್ವದ ಗೋಡೆಯ ಗೂಡಿನಲ್ಲಿ ಹನುಮಂತ, ಅವನ ಪಕ್ಕದ ಮಣೆಯ ಮೇಲೆ ವಸ್ತಾದರು. ದಂಡ ಹೊಡೆಯಲಿ, ಬಸ್ಕಿ ಹಾಕಲಿ, ಎಲ್ಲರ ಮುಖ ದೇವರ ಕಡೆಗೇ ಇರಬೇಕು. ದೇವರಿಗೆ ಬೆನ್ನು ತೋರಿಸುವಂತಿಲ್ಲ. ಸಾಮು ಮುಗಿಯುವ ತನಕ ವಸ್ತಾದರೂ ಮಣೆ ಬಿಟ್ಟು ಏಳುವಂತಿಲ್ಲ. ಅಂದರೆ ಏನಾಯಿತು? ಮೂವತ್ತು ವರ್ಷ ಪೈಲ್ವಾನರನ್ನು ತಯಾರು ಮಾಡಿದ ಮನುಷ್ಯ ಮೂವತ್ತು ವರ್ಷವೂ ನೋಡಿದ್ದು ಎದೆಗಳನ್ನು. ದಂಡ ಹೊಡೆಯುತ್ತಿರುವ ಬೆನ್ನನ್ನು ಅವರು ಕಂಡೇ ಇರಲಿಲ್ಲ!

ನಾನು ಕಂಡೆ. ಅಣ್ಣ ಕೈ ಏಳದಿದ್ದರೂ ದಂಡ ಬಿಟ್ಟಿರಲಿಲ್ಲ. ಅವನು ನೆಲಕ್ಕೆ ಅಂಗೈ ಊರಿದ ಕೂಡಲೇ ಬಲಗಡೆಯ ಹೆಗಲ ಹಲಗೆ, ಬೆನ್ನಿನ ಮೇಲಿನ ಆ ಚಪ್ಪಟೆ ಮೂಳೆ, ಪಕ್ಕೆಯಿಂದ ಬಿಟ್ಟುಕೊಂಡು ಕೋಳಿರೆಕ್ಕೆಯ ಹಾಗೆ ಎದ್ದು ನಿಂತಿತು. ಎಡಗಡೆಯದು ಬೆನ್ನಿಗೆ ಅಂಟಿಕೊಂಡೇ ಇತ್ತು. ಸಾಮಿಗೆ ಮೊದಲು ಮಜ್ಜಿಗೆಯಲ್ಲಿ ಕಲಸಿದ ಕೆಮ್ಮಣ್ಣನ್ನು ಮೈಗೆ ತೆಳ್ಳಗೆ ಬಳಿದುಕೊಳ್ಳುವುದು ಅಲ್ಲಿನ ರೂಢಿ. ಒಣಗಿದ ಮಣ್ಣು ಎಡ ಕಂಕುಳ ಕೆಳಗೆ, ಪಕ್ಕೆಲುಬುಗಳ ಮೇಲೆ, ಬಾಚಣಿಗೆಯ ಹಲ್ಲಿನಂತೆ ನಾಲ್ಕು ಓರೆ ಗೆರೆಗಳಾಗಿ ಬಿರಿದಿತ್ತು. ಬಲಗಡೆ ಮಣ್ಣು ಸಾರಿಸಿದ ಗೋಡೆಯ ಹಾಗೆ ನುಣ್ಣಗೆ.

ನನಗೆ ಕೂರಲಾಗಲಿಲ್ಲ. ಶರೀರಶಾಸ್ತ್ರದ ಪುಸ್ತಕದಲ್ಲಿ ನೋಡಿದ್ದ ಚಿತ್ರ ನೆನಪಾಯಿತು: ಪಕ್ಕೆಲುಬುಗಳಿಂದ ಹೊರಟು ಹೆಗಲ ಹಲಗೆಯನ್ನು ಬೆನ್ನಿಗೆ ಒತ್ತಿ ಹಿಡಿಯುವ, ಗರಗಸದ ಹಲ್ಲಿನಂಥ ಸ್ನಾಯು. ಅದು ಕೆಲಸ ಮಾಡಿದ ಕಡೆ ಮಣ್ಣು ಬಿರಿದಿದೆ, ಮಲಗಿದ ಕಡೆ ಬಿರಿದಿಲ್ಲ. ಹಲಗೆಗೆ ಆ ಹಿಡಿತ ಇಲ್ಲದಿದ್ದರೆ ಕೈ ಹೆಗಲಿನಿಂದ ಮೇಲಕ್ಕೆ ಏಳದು. ಸಾಮು ಮುಗಿದ ತಕ್ಷಣ ವಸ್ತಾದರ ಮುಂದೆ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

“ಮಣ್ಣು ಒಣಗಿದ್ರೆ ಬಿರಿತದೆ ಕಣಪ್ಪ. ಅದಕ್ಯಾಕೆ ಇಷ್ಟುದ್ದ ಭಾಷಣ?” ಎಂದರು.

“ಬೆನ್ನು ಒಂದೇ, ಮಣ್ಣು ಒಂದೇ. ಎಡಗಡೆ ಬಿರಿದಿದ್ದು ಬಲಗಡೆ ಯಾಕೆ ಬಿರೀಲಿಲ್ಲ, ವಸ್ತಾದ್ರೇ?”

“ಬಲಗಡೆ ಹನುಮಪ್ಪ ತಡ್ಕಂಡವ್ನೆ. ಹೋಗು, ಲಾಯರಪ್ಪ.”

ಗರಡಿಯೆಲ್ಲ ನಕ್ಕಿತು. ಅಣ್ಣ ಮಾತ್ರ ನಗಲಿಲ್ಲ. ದಾರಿಯಲ್ಲಿ, ಎಷ್ಟೋ ದಿನಗಳ ಮೇಲೆ ಬಾಯಿ ಬಿಟ್ಟು, ಆ ಮಲಗಿದ ಸ್ನಾಯುವನ್ನು ಎಬ್ಬಿಸೋದು ಹೆಂಗೆ ಎಂದು ಕೇಳಿದ. ಪುಸ್ತಕದಲ್ಲಿ ಅದು ಇರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದು ಚರ್ಚಾಪಟುವಿಗೆ ಕಷ್ಟ, ಆದರೂ ಹೇಳಿದೆ.

ಮಾರನೆಯ ದಿನದಿಂದ ಹಿತ್ತಲೇ ನಮ್ಮ ಪ್ರಯೋಗಶಾಲೆ. ಗರಡಿಯಿಂದ ಒಂದು ಮಂಕರಿ ಮಣ್ಣು ತಂದು, ಬೆನ್ನಿಗೆ ಬಳಿದು, ಒಣಗಿಸಿ, ಒಂದೊಂದು ಭಂಗಿಯಲ್ಲೂ ಅಣ್ಣನನ್ನು ನಿಲ್ಲಿಸಿ ಹಿಂದಿನಿಂದ ನೋಡುತ್ತಿದ್ದೆ. ನೆಲದ ಮೇಲೆ ಕೈಯೂರಿದರೆ ರೆಕ್ಕೆ ಏಳುತ್ತಿತ್ತು, ಮಲಗಿದ ಸ್ನಾಯುವಿಗೆ ಆ ಭಾರ ಹೆಚ್ಚು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಊರಿದರೂ ಅದೇ. ಗೋಡೆಗೆ ಅಂಗೈ ಕೊಟ್ಟು ನಿಂತರೆ ರೆಕ್ಕೆ ಏಳಲಿಲ್ಲ, ಮಣ್ಣೂ ಬಿರಿಯಲಿಲ್ಲ. ಆಗ ನಾನೊಂದು ಸಿದ್ಧಾಂತ ಹೂಡಿದೆ: ಆಧಾರ ಅಲುಗಾಡಿದಷ್ಟೂ ಸ್ನಾಯು ಎಚ್ಚರವಾಗುತ್ತದೆ. ಉರುಳುವ ಗುಂಡುಕಲ್ಲನ್ನು ತಂದು ಒಗೆಯುವ ಕಲ್ಲಿನ ಮೇಲಿಟ್ಟು, ಅದರ ಮೇಲೆ ಅವನ ಕೈ ಇಡಿಸಿದೆ. ಮಣ್ಣು ಬಿರಿಯಿತು, ಸಂತೋಷ. ಬಿರಿದದ್ದು ಕತ್ತಿನ ಬುಡದಲ್ಲಿ, ತೋಳಿನಲ್ಲಿ. ಪಕ್ಕೆಯ ಮೇಲೆ ಒಂದು ಗೆರೆಯೂ ಇಲ್ಲ.

ಹಪ್ಪಳ ಒಣಹಾಕುತ್ತಿದ್ದ ಅಮ್ಮ ತಿರುಗಿಯೂ ನೋಡದೆ ಹೇಳಿದಳು: “ಜಾರೋ ಕಡೆ ಬಿಂದಿಗೆ ಹೊತ್ರೆ ಕತ್ತೇ ಅಲ್ವೇನೋ ಬಿಗಿಯೋದು?”

ಒಂದೇ ವಾಕ್ಯದಲ್ಲಿ ನನ್ನ ಸಿದ್ಧಾಂತ ಸತ್ತಿತು. ತುಮಕೂರಿನಲ್ಲಿ ಯಾರೂ ನನ್ನನ್ನು ಅಷ್ಟು ಬೇಗ ಸೋಲಿಸಿರಲಿಲ್ಲ.

ದಾರಿ ಕಂಡುಹಿಡಿದವನು ಅಣ್ಣನೇ. ಒಂದು ಬೆಳಿಗ್ಗೆ ಗೋಡೆಗೆ ಅಂಗೈ ಕೊಟ್ಟು ನಿಂತವನು ಬೇಜಾರಿಗೋ ಸಿಟ್ಟಿಗೋ ಗೋಡೆಯನ್ನು ನೂಕಿದ. ಮೊಣಕೈ ಆಗಲೇ ನೆಟ್ಟಗಿತ್ತು, ಬಗ್ಗಿಸಲೂ ಇಲ್ಲ. “ಲೇ, ಕೈ ನೆಟ್ಟಗಾದ ಮ್ಯಾಲೂ ಇನ್ನೊಂದ್ಚೂರು ತಳ್ಳಿದ್ರೆ ಒಳಗೆ ಏನೋ ಜಗ್ತದೆ ಕಣ್ಲಾ. ನೋಡು, ನೋಡು.”

ನೋಡಿದೆ. ಬಲ ಕಂಕುಳ ಕೆಳಗೆ, ಕೂದಲೆಳೆಯಷ್ಟು ತೆಳ್ಳಗೆ, ಓರೆಯಾಗಿ, ಒಂದು ಬಿರುಕು! ನಾನು ಕೂಗಿದ ಕೂಗಿಗೆ ಅಮ್ಮ ಚೇಳು ಕಡಿಯಿತೆಂದು ಸೌಟು ಹಿಡಿದು ಓಡಿಬಂದಳು. ಬಿರುಕನ್ನು ತೋರಿಸಿದೆ. ನಮ್ಮಿಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿದೆ ಎಂದು ಕೇಳಿ ಒಳಗೆ ಹೋದಳು.

ಎಲ್ಲರೂ ದಂಡದಲ್ಲಿ ಕೈ ನೆಟ್ಟಗಾದ ಕೂಡಲೇ ಮುಗಿಯಿತೆಂದು ಮತ್ತೆ ಕೆಳಗೆ ಇಳಿಯುತ್ತಾರೆ. ಕೆಲಸ ಶುರುವಾಗುವುದೇ ಅಲ್ಲಿಂದ, ಆ ಕೊನೆಯ ಒಂದು ಅಂಗುಲದಲ್ಲಿ. ರಜೆ ಮುಗಿದು ನಾನು ತುಮಕೂರಿಗೆ ಹೋದರೂ ಶನಿವಾರ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ. ಗೆರೆ ಎರಡಾಯಿತು. ಗೋಡೆಯಿಂದ ಒಗೆಯುವ ಕಲ್ಲಿಗೆ ಇಳಿದೆವು, ಗೆರೆ ಮೂರಾಯಿತು. ಆಷಾಢ ಕಳೆಯುವಷ್ಟರಲ್ಲಿ ನೆಲಕ್ಕೆ ಬಂದೆವು. ರೆಕ್ಕೆ ಏಳಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ನನ್ನ ಕಣ್ಣು ಮುಂದಿನವರ ಬೆನ್ನಿನ ಮೇಲೆ.

ಇನ್ನು ವಸ್ತಾದರಿಗೆ ತೋರಿಸಬೇಕು. ಅಣ್ಣ ದೇವರಿಗೆ ಬೆನ್ನು ಹಾಕಲು ಒಪ್ಪಲಿಲ್ಲ, ಅವರು ಮಣೆ ಬಿಟ್ಟು ಏಳಲು ಒಪ್ಪಲಿಲ್ಲ. ಹನುಮಂತ ಎಲ್ಲೆಲ್ಲೂ ಇದ್ದಾನೆಂದು ನೀವೇ ಹೇಳುತ್ತೀರಿ, ಎಲ್ಲೆಲ್ಲೂ ಇರುವವನಿಗೆ ಮುಂದೆ ಯಾವುದು, ಹಿಂದೆ ಯಾವುದು ಎಂದು ಕೇಳಿದೆ. ವಸ್ತಾದರು ಗೂಡಿನ ಕಡೆ ತಿರುಗಿ ಕೈ ಮುಗಿದು, ಮಣೆಯಿಂದ ಎದ್ದರು.

ಸಾಲಾಗಿ ಕೈಯೂರಿದ್ದವರ ಹಿಂದಕ್ಕೆ ನಡೆದು ಬಂದರು. ಅಣ್ಣನ ಬೆನ್ನ ಮೇಲೆ ಅಂಗೈ ಇಟ್ಟು ಒತ್ತಿದರು. ಹಲಗೆ ಅಲುಗಲಿಲ್ಲ. ಬಿರುಕುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಉಳಿದವರ ಬೆನ್ನುಗಳನ್ನೂ ಒಂದೊಂದಾಗಿ, ಹೊಸ ಊರಿಗೆ ಬಂದವರ ಹಾಗೆ, ನೋಡುತ್ತಾ ಹೋದರು. ಕೊನೆಗೆ ಅಣ್ಣನನ್ನು ನಿಲ್ಲಿಸಿ ಕೈ ಎತ್ತಲು ಹೇಳಿದರು. ತೋಳು ಕಿವಿಯನ್ನು ಮುಟ್ಟಿತು.

“ಶಿರಾಕ್ಕೆ ನೀನೇ ಹೋಗ್ಲಾ” ಎಂದರು.

ಶಿರಾದಲ್ಲಿ ನಾನು ಕುಸ್ತಿ ನೋಡಲಿಲ್ಲ, ಒಂದು ಮೂಳೆಯನ್ನು ನೋಡಿದೆ. ಅಣ್ಣ ನಾಲ್ಕು ಕಾಲಿನ ಮೇಲೆ ಸಿಕ್ಕಿಬಿದ್ದಾಗ ಎದುರಾಳಿ ತನ್ನ ಎದೆಯ ಭಾರವನ್ನೆಲ್ಲ ಅವನ ಬೆನ್ನ ಮೇಲೆ ಹೇರಿದ. ಸುತ್ತಲಿನವರು ಮುಗಿಯಿತು ಎಂದರು. ಅಣ್ಣ ಕೈ ನೆಟ್ಟಗೆ ಮಾಡಿ, ಇನ್ನೊಂದು ಚೂರು, ಭೂಮಿಯನ್ನು ತಳ್ಳಿದ. ಹಲಗೆ ಬೆನ್ನಿಗೆ ಅಂಟಿಕೊಂಡೇ ಇತ್ತು. ಅಲ್ಲಿಂದ ತಿರುಗಿ ಎದ್ದ ನೋಡಿ! ಶಾಬಾಶ್, ಶಾಬಾಶ್ ಎಂಬ ಕೂಗಿನ ನಡುವೆ ನಾನೂ ಕುಣಿದೆ, ಒಂದು ಚಪ್ಪಲಿ ಎಲ್ಲಿ ಹೋಯಿತೋ ಇವತ್ತಿಗೂ ತಿಳಿಯದು. ಕೊನೆಗೆ ಜೋಡಿ ಸಮವೆಂದು ಬಿಡಿಸಿದರು. ಅಣ್ಣ ಎರಡೂ ಕೈ ಮೇಲೆತ್ತಿ ಸುತ್ತು ಬಂದ. ಆ ಬಲಗೈಯನ್ನು ಕಂಡೇ ಊರು ಮಣ್ಣಿನ ಕಥೆ ಕಟ್ಟಿಕೊಂಡದ್ದು.

ನನ್ನ ವಾದದಲ್ಲೂ ಒಂದು ತೂತಿದೆ, ಬೇರೆಯವರು ಹೇಳುವ ಮುಂಚೆ ನಾನೇ ಹೇಳುತ್ತೇನೆ. ಮೂಟೆ ಜಗ್ಗಿದಾಗ ಪೆಟ್ಟು ತಿಂದದ್ದು ಆ ಸ್ನಾಯುವನ್ನು ನಡೆಸುವ ನರ; ಅದು ಕಾಲ ಕಳೆದಂತೆ ತಾನಾಗಿಯೇ ಚೇತರಿಸಿಕೊಂಡಿರಬಹುದು. ಒಂದು ಬೆನ್ನಿನಿಂದ ಸಿದ್ಧಾಂತವಾಗದು. ಶಿರಾದಿಂದ ಬಂದ ಮಾರನೆಯ ಬೆಳಿಗ್ಗೆ ಇದನ್ನು ವಸ್ತಾದರಿಗೂ ಒಪ್ಪಿಸಿದೆ. ಗರಡಿಯಲ್ಲಿ ನಾವಿಬ್ಬರೇ ಇದ್ದೆವು. ಅವರು ಅಂಗಿ ಬಿಚ್ಚಿದರು. ಅವರನ್ನು ಅಂಗಿಯಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಗೋಡೆಗೆ ಎರಡೂ ಅಂಗೈ ಕೊಟ್ಟು ಭಾರ ಬಿಟ್ಟರು.

“ನೋಡ್ಬುಟ್ಟು ಹೇಳು” ಎಂದರು.

ಎಡಗಡೆಯ ಹಲಗೆ ಅರ್ಧ ತೆರೆದ ಪೆಟ್ಟಿಗೆಯ ಮುಚ್ಚಳದ ಹಾಗೆ ಎದ್ದು ನಿಂತಿತ್ತು. ಇಪ್ಪತ್ತೈದಕ್ಕೇ ಕುಸ್ತಿ ಬಿಟ್ಟವರು ಅವರು. ದೇವರು ಸಾಕು ಎಂದ, ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತಿದ್ದರು.

ಗೋಡೆಯ ಕಡೆಗೆ ಮುಖ ಮಾಡಿಯೇ ನಿಂತಿದ್ದ ಅವರನ್ನು ನಾನು ಕೇಳಿದೆ: “ವಸ್ತಾದ್ರೇ, ನೀವು ಕುಸ್ತಿ ಬಿಟ್ಟಾಗ ನಿಮ್ಮ ಬೆನ್ನನ್ನ ಯಾರಾದ್ರೂ ನೋಡಿದ್ರಾ?”